ಡ್ರ್ಯಾಗನ್ ಕಟ್ಟೋದಾದ್ರೆ ಹೊಟ್ಟೆಯಿಂದ ಶುರು ಮಾಡಿ

ಫ್ಯಾಂಟಸಿ ಬರೆಯೋರ ಪ್ರಶ್ನೆಗಳಿಗೆ ಅಂತ ಇರೋ ಈ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ಡ್ರ್ಯಾಗನ್ ಬಗ್ಗೆನೇ ಜಾಸ್ತಿ ಇತ್ತು, ಹಾಗಾಗಿ ಮಿಕ್ಕಿದ್ದನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇದೊಂದನ್ನೇ ತಗೊಂಡಿದೀನಿ. ಕೆಲವು ಪತ್ರಗಳನ್ನ ಚಿಕ್ಕದು ಮಾಡಿದೀನಿ, ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ಮೇಡಂ, ನನ್ನ ಕಾದಂಬರೀಲಿ ಏಳು ಜಾತಿ ಡ್ರ್ಯಾಗನ್ ಇದಾವೆ. ಬೆಂಕಿದು, ಮಂಜಿಂದು, ನೀರಿಂದು, ಸಿಡಿಲಿಂದು ಹಿಂಗೆ. ಓದಿದ ಫ್ರೆಂಡ್ಸ್ ಎಲ್ಲಾ "ಒಂದೇ ಪ್ರಾಣಿಗೆ ಏಳು ಬಣ್ಣ ಬಳಿದಂಗಿದೆ ಕಣೋ" ಅಂತಾರೆ. ನಿಜವಾಗ್ಲೂ ಬೇರೆ ಬೇರೆ ಜಾತಿ ಅನ್ಸೋ ಹಾಗೆ ಮಾಡೋದು ಹೇಗೆ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನಿಮ್ ಫ್ರೆಂಡ್ಸ್ ಸರಿಯಾಗೇ ಹೇಳಿದಾರೆ, ಯಾಕಂದ್ರೆ ನೀವು ಡ್ರ್ಯಾಗನ್ ಬಾಯಿಂದ ಏನು ಹೊರಗೆ ಬರುತ್ತೆ ಅಂತ ಏಳು ಸಲ ಯೋಚನೆ ಮಾಡಿದೀರಿ, ಒಳಗೆ ಏನು ಹೋಗುತ್ತೆ ಅಂತ ಒಂದು ಸಲನೂ ಮಾಡಿಲ್ಲ. ನಾನು ಎಲ್ಲರಿಗೂ ಹೇಳೋದು ಒಂದೇ: ಹೊಟ್ಟೆಯಿಂದ ಶುರು ಮಾಡಿ, ಆಮೇಲೆ ಮೊಟ್ಟೆಗೆ ಬನ್ನಿ. ಏನು ತಿನ್ನುತ್ತೆ, ಎಲ್ಲಿ ಮೊಟ್ಟೆ ಇಡುತ್ತೆ, ಈ ಎರಡು ಗೊತ್ತಾದ್ರೆ ಹಲ್ಲು, ಕಾಲು, ರೆಕ್ಕೆ, ಸೈಜು, ಸ್ವಭಾವ ಎಲ್ಲಾ ತಾನಾಗೇ ಹಿಂದೆ ಬರುತ್ತೆ. ಬಣ್ಣ ಕೊನೆಗೆ.

ನೀವು ಶಿವಮೊಗ್ಗದವರು, ಹಾಗಾಗಿ ದೂರ ಹೋಗೋದೇ ಬೇಡ. ನಿಮ್ ಕಡೆ ಅಡಿಕೆ ತೋಟದಲ್ಲಿ ಹಾರುವ ಓತಿ ಇದೆಯಲ್ಲ, ಅದರ ವೈಜ್ಞಾನಿಕ ಹೆಸರೇ ಡ್ರೇಕೋ, ಅಂದ್ರೆ ಡ್ರ್ಯಾಗನ್. ಬಾಲ ಸೇರಿಸಿದ್ರೂ ಗೇಣುದ್ದದ ಆಸುಪಾಸು ಇರೋ ಪ್ರಾಣಿ, ಮರದ ತೊಗಟೆ ಮೇಲೆ ಕೂತ್ರೆ ತೊಗಟೆನೇ. ತಿನ್ನೋದು ಹೆಚ್ಚಾಗಿ ಇರುವೆ. ಇರುವೆ ಮರದ ಕಾಂಡದ ಮೇಲೆ ಸಾಲು ಹೋಗುತ್ತೆ, ಒಂದು ಮರದ ಸಾಲು ಮುಗೀತು ಅಂದ್ರೆ ಇನ್ನೊಂದು ಮರಕ್ಕೆ ಹೋಗಬೇಕು, ಕೆಳಗೆ ಇಳಿದು ನೆಲದ ಮೇಲೆ ಓಡಿದ್ರೆ ಹಾವಿಗೋ ಇನ್ಯಾವುದಕ್ಕೋ ಊಟ, ಅದಕ್ಕೇ ತೇಲಿಕೊಂಡು ಹೋಗೋದು. ನೋಡಿ, ರೆಕ್ಕೆ ಬಂದಿದ್ದು ಇರುವೆಯಿಂದ! ಗಂಡಿಗೆ ಗಂಟಲ ಕೆಳಗೆ ಹಳದಿ ಬಾವುಟದ ಥರ ಒಂದು ಚರ್ಮ ಇರುತ್ತೆ, ಅದನ್ನ ಬಿಚ್ಚಿ ಮುಚ್ಚಿ ಪಕ್ಕದ ಮರದಲ್ಲಿರೋರಿಗೆ ಸಿಗ್ನಲ್ ಕೊಡುತ್ತೆ. ಹೆಣ್ಣು ಮಾತ್ರ ಮೊಟ್ಟೆ ಇಡೋಕೆ ನೆಲಕ್ಕೆ ಇಳಿಯಲೇಬೇಕು, ಮಣ್ಣಲ್ಲಿ ಗುಳಿ ತೋಡಿ ಇಟ್ಟು ಮುಚ್ಚಿ ಮತ್ತೆ ಮರ ಹತ್ತುತ್ತೆ, ಅದರ ಜೀವನದಲ್ಲೇ ಅತಿ ಅಪಾಯದ ಹೊತ್ತು ಅದು. ಇಷ್ಟು ಪುಟ್ಟ ಪ್ರಾಣಿಯಲ್ಲಿ ಒಂದು ಅಧ್ಯಾಯಕ್ಕಾಗೋಷ್ಟು ಕಥೆ ಇದೆ, ಇದರಲ್ಲಿ ಬೆಂಕಿನೂ ಇಲ್ಲ ಸಿಡಿಲೂ ಇಲ್ಲ.

ಈಗ ಏಳು ಜಾತಿ ವಿಷಯ. ಉಡದ ಕುಟುಂಬ ನೋಡಿ. ವರಾನಸ್ ಅನ್ನೋ ಒಂದೇ ಕುಲದಲ್ಲಿ ಆಸ್ಟ್ರೇಲಿಯಾದ ಗೇಣುದ್ದದ ಉಡನೂ ಇದೆ, ಇಂಡೋನೇಷ್ಯಾದ 3 ಮೀಟರ್ ಉದ್ದದ ಕೊಮೊಡೊ ಡ್ರ್ಯಾಗನ್ನೂ ಇದೆ. ನಮ್ಮ ಹೊಲದ ಬದುವಿನ ಉಡ ಇದೆ, ನೀರಲ್ಲಿ ಈಜಾಡೋದು ಇದೆ, ನ್ಯೂಗಿನಿ ಕಡೆ ಮರದಲ್ಲೇ ಇದ್ದು ಬಾಲದಿಂದ ಕೊಂಬೆ ಹಿಡಿಯೋ ಹಸಿರು ಉಡ ಇದೆ, ಫಿಲಿಪ್ಪೀನ್ಸ್‌ನ ಲೂಝಾನ್ ದ್ವೀಪದಲ್ಲಿ ಹಣ್ಣು ತಿನ್ನೋ ಉಡ ಕೂಡ ಇದೆ. ಮೈಕಟ್ಟು ನೋಡಿದ್ರೆ ಎಲ್ಲಾ ಒಂದೇ ಮನೆತನ ಅಂತ ತಕ್ಷಣ ಗೊತ್ತಾಗುತ್ತೆ, ಬದುಕು ಮಾತ್ರ ಒಂದರ ಹಾಗೆ ಇನ್ನೊಂದಿಲ್ಲ. ನಿಮ್ಮ ಏಳಕ್ಕೂ ಹೀಗೇ ಮಾಡಿ. ಒಂದು ಮೂಲ ಡ್ರ್ಯಾಗನ್ ಇಟ್ಕೊಳ್ಳಿ, ಅದನ್ನ ನಿಮ್ಮ ಮ್ಯಾಪ್ ಮೇಲೆ ಬಿಡಿ, ಸಮುದ್ರ ಬಂದು ಒಂದು ಗುಂಪನ್ನ ದ್ವೀಪದಲ್ಲಿ ಸಿಕ್ಕಿಸಲಿ, ಬೆಟ್ಟ ಎದ್ದು ಇನ್ನೊಂದು ಗುಂಪನ್ನ ಆಚೆ ಮಾಡಲಿ, ಲಕ್ಷಾಂತರ ವರ್ಷ ಬಿಟ್ಟು ಹೋಗಿ ನೋಡಿ, ಹೆಚ್ಚುಕಮ್ಮಿ ಒಂದೇ ತಲೆಬುರುಡೆ ಇಟ್ಕೊಂಡು ಒಂದು ಹಣ್ಣು ತಿಂತಿರುತ್ತೆ ಇನ್ನೊಂದು ಆನೆಮರಿ ತಿಂತಿರುತ್ತೆ. ಏಳರಲ್ಲಿ ಎರಡನ್ನಾದ್ರೂ ಜನಕ್ಕೆ ಭಯ ಹುಟ್ಟಿಸದ ಡ್ರ್ಯಾಗನ್ ಮಾಡಿ ಅಂತ ನನ್ನ ಸಲಹೆ. ಎಲ್ಲಾನೂ ಊರು ಸುಡ್ತಾ ಇದ್ರೆ ಆ ಲೋಕದಲ್ಲಿ ಊರೇ ಉಳಿದಿರಲ್ಲ.

ಪ್ರಶ್ನೆ: ನನ್ನ ಡ್ರ್ಯಾಗನ್ 10 ಟನ್ ತೂಕ, ಹೀರೋ ಅದರ ಮೇಲೆ ಕೂತು ಹಾರ್ತಾನೆ. ಒಬ್ಬ ಫಿಸಿಕ್ಸ್ ಲೆಕ್ಚರರ್ ಇದು ಸಾಧ್ಯನೇ ಇಲ್ಲ ಅಂತ ಬೈದ್ರು. ಎಷ್ಟು ದೊಡ್ಡದು ಹಾರಬಹುದು?
– ಹುಬ್ಬಳ್ಳಿಯಿಂದ

ಉತ್ತರ: ಲೆಕ್ಚರರ್ ಹೇಳಿದ್ದು ಗೆಲಿಲಿಯೋ 1638ರಲ್ಲೇ ಬರೆದಿಟ್ಟಿರೋ ಲೆಕ್ಕ. ಪ್ರಾಣಿನ ಅದೇ ಆಕಾರದಲ್ಲಿ ಉದ್ದ ಎರಡು ಪಟ್ಟು ಮಾಡಿದ್ರೆ ರೆಕ್ಕೆಯ ವಿಸ್ತೀರ್ಣ 4 ಪಟ್ಟು ಆಗುತ್ತೆ, ತೂಕ 8 ಪಟ್ಟು. ದೊಡ್ಡದಾಗ್ತಾ ಹೋದ ಹಾಗೆ ತೂಕ ಗೆಲ್ಲುತ್ತೆ, ರೆಕ್ಕೆ ಸೋಲುತ್ತೆ. ಇವತ್ತು ಬದುಕಿರೋ ಹಾರೋ ಹಕ್ಕಿಗಳಲ್ಲಿ ಅತಿ ಭಾರದ ಗುಂಪಿಗೆ ಸೇರಿದ್ದು ನಮ್ಮ ಬಳ್ಳಾರಿ ಸಿರಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿರೋ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್), ಅದೂ 15 ಕೆಜಿ ಆಸುಪಾಸು ಅಷ್ಟೇ.

ಆದ್ರೆ ಬೇಜಾರಾಗಬೇಡಿ, ಹಿಂದೆ ಇದಕ್ಕಿಂತ ತುಂಬಾ ದೊಡ್ಡದು ಹಾರಿದೆ. 1971ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಪಳೆಯುಳಿಕೆ ಸಿಕ್ಕ ಕ್ವೆಟ್ಜಾಲ್‌ಕೋಟ್ಲಸ್ ಅನ್ನೋ ಟೆರೋಸಾರ್ (ಡೈನೋಸಾರ್ ಕಾಲದ ಹಾರೋ ಸರೀಸೃಪ), ರೆಕ್ಕೆ ಬಿಚ್ಚಿದ್ರೆ ಸುಮಾರು 10-11 ಮೀಟರ್, ನೆಲದ ಮೇಲೆ ನಿಂತ್ರೆ ಜಿರಾಫೆ ಎತ್ತರ, ತೂಕ ಮಾತ್ರ 200ರಿಂದ 250 ಕೆಜಿ ಅಂತ ಈಗಿನ ಅಂದಾಜು. ಮೂಳೆ ಒಳಗೆಲ್ಲ ಗಾಳಿ, ಗೋಡೆ ಕಾಗದದಷ್ಟು ತೆಳು. ಇಷ್ಟು ದೊಡ್ಡದು ನೆಲದಿಂದ ಮೇಲೆ ಏಳೋದು ಹೇಗೆ ಅಂತ ತುಂಬಾ ಚರ್ಚೆ ಆಗಿದೆ, ಇತ್ತೀಚೆಗೆ ಹೆಚ್ಚಿನವರು ಒಪ್ಪೋದು ಏನಂದ್ರೆ ಅದು ಹಕ್ಕಿ ಥರ ಹಿಂಗಾಲಲ್ಲಿ ಜಿಗೀತಿರಲಿಲ್ಲ, ಮಡಚಿದ ರೆಕ್ಕೆನೇ ಮುಂಗಾಲು ಮಾಡ್ಕೊಂಡು ನಾಲ್ಕೂ ಕಾಲಲ್ಲಿ ನಿಂತು, ರೆಕ್ಕೆಯ ಬಲವಾದ ಸ್ನಾಯುನೇ ಉಪಯೋಗಿಸಿ ಒಂದೇ ಸಲ ಚಿಮ್ಮುತ್ತಿತ್ತು. ರಕ್ತ ಹೀರೋ ಬಾವಲಿ ಇವತ್ತಿಗೂ ಹೀಗೇ ಏಳುತ್ತೆ. ಈ ಒಂದು ಚಿಮ್ಮುವಿಕೆನ ನೀವು ಹತ್ತಿರದಿಂದ ಬರೆದ್ರೆ ಸಾಕು, ಮೊಣಕೈ ನೆಲಕ್ಕೆ ಊರೋದು, ಬೆನ್ನು ಬಾಗೋದು, ಮೇಲೆ ಕೂತವನ ಕತ್ತು ಹಿಂದಕ್ಕೆ ಬೀಳೋದು, ಓದೋರು ನಂಬ್ತಾರೆ.

ಸವಾರಿ ಬಗ್ಗೆ ಹೇಳೋದಾದ್ರೆ 250 ಕೆಜಿ ಪ್ರಾಣಿ ಮೇಲೆ 60 ಕೆಜಿ ಮನುಷ್ಯ ಅಂದ್ರೆ ಕಾಲು ಭಾಗ ಹೊರೆ ಹೆಚ್ಚಾಯ್ತು, ಅದೂ ಹಾರೋವಾಗ. ಹಾಗಾಗಿ ಸವಾರರು ಸಣ್ಣ ಮೈಯವರೇ ಇರಬೇಕು, ದೂರ ಹೋಗೋ ಹಾಗಿಲ್ಲ, ಬೆಟ್ಟದ ತುದಿಯಿಂದ ಬಿಟ್ರೆ ಒಳ್ಳೇದು, ಕಬ್ಬಿಣದ ಕವಚ ಅಂತೂ ಬೇಡವೇ ಬೇಡ. ನೋಡಿ, ಈಗ ನಿಮ್ಮ ರಾಜ್ಯದಲ್ಲಿ ಡ್ರ್ಯಾಗನ್ ಸವಾರರು ಯಾರು ಅನ್ನೋದೇ ಬದಲಾಯ್ತು, ಆರಡಿ ಯೋಧ ಅಲ್ಲ, ಹದಿನೈದು ವರ್ಷದ ಹುಡುಗಿ.

"ಹೊಟ್ಟೇಲಿ ಹೈಡ್ರೋಜನ್ ಇದೆ, ಬಲೂನ್ ಥರ ತೇಲುತ್ತೆ" ಅಂತ ಸುಮಾರು ಜನ ಬರೀತಾರೆ, ಲೆಕ್ಕ ಹಾಕಿ ನೋಡಿ. ಒಂದು ಘನ ಮೀಟರ್ ಹೈಡ್ರೋಜನ್ ಎತ್ತೋದು ಸುಮಾರು 1.1 ಕೆಜಿ. ಒಂದು ಟನ್ ಎತ್ತಬೇಕಂದ್ರೆ 900 ಘನ ಮೀಟರ್ ಬೇಕು, ಅಂದ್ರೆ 12 ಮೀಟರ್ ಅಡ್ಡಳತೆಯ ಗುಂಡು ಚೀಲ. ಅದನ್ನ ಇಟ್ಕೊಂಡು ಯಾವ ಡ್ರ್ಯಾಗನ್ನೂ ಬೇಟೆ ಮಾಡಲ್ಲ, ಗಾಳಿ ಬೀಸಿದ ಕಡೆ ಹೋಗುತ್ತೆ ಅಷ್ಟೇ. 10 ಟನ್ನೇ ಬೇಕು ಅಂತ ಹಟ ಇದ್ರೆ ಮಾಯೆ ಅಂತ ನೇರವಾಗಿ ಹೇಳಿಬಿಡಿ, ಅದರಲ್ಲಿ ತಪ್ಪೇನಿಲ್ಲ, ಆದ್ರೆ ಮಾಯೆ ಒಂದೇ ಒಂದು ಕಡೆ ಇರಲಿ. ಮಾಯೆಯಿಂದ ತೂಕ ಕಮ್ಮಿ ಆಗುತ್ತೆ ಅಂದ್ರೆ ಮಾಯೆ ಬತ್ತಿದ ಜಾಗದಲ್ಲಿ ಅದು ಬೀಳಬೇಕು, ಸತ್ತ ಮೇಲೆ ಅದರ ಹೆಣ ಎತ್ತೋಕೆ ಎಷ್ಟು ಜನ ಬೇಕು ಅನ್ನೋದೂ ನಿಮಗೆ ಗೊತ್ತಿರಬೇಕು.

ಪ್ರಶ್ನೆ: ಡ್ರ್ಯಾಗನ್‌ಗೆ ನಾಲ್ಕು ಕಾಲು ಪ್ಲಸ್ ಎರಡು ರೆಕ್ಕೆ ಇರಬಹುದಾ ಅಥವಾ ಎರಡೇ ಕಾಲಾ? ಡ್ರಾಯಿಂಗ್ ಗ್ರೂಪಲ್ಲಿ ದಿನಾ ಜಗಳ.
– ಚಿತ್ರಕಲಾ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಬೆನ್ನುಮೂಳೆ ಇದ್ದು ನೆಲಕ್ಕೆ ಬಂದ ಪ್ರಾಣಿಗಳದ್ದೆಲ್ಲ ಮೂಲ ನಕ್ಷೆ ನಾಲ್ಕು ಅವಯವದ್ದು, ಹಕ್ಕಿ, ಬಾವಲಿ, ಟೆರೋಸಾರ್ ಮೂರೂ ಬೇರೆ ಬೇರೆ ಕಾಲದಲ್ಲಿ ಹಾರೋಕೆ ಕಲಿತರೂ ಮೂರೂ ಕೈಯನ್ನೇ ರೆಕ್ಕೆ ಮಾಡ್ಕೊಂಡವು. ಹಾಗಾಗಿ ಎರಡು ಕಾಲು ಎರಡು ರೆಕ್ಕೆ ಅನ್ನೋರ ವಾದ ಗಟ್ಟಿ. ಚೀನಾದಲ್ಲಿ ಸಿಕ್ಕಿ 2015ರಲ್ಲಿ ಹೆಸರಿಟ್ಟ "ಈ ಚಿ" (Yi qi) ಅನ್ನೋ ಪುಟ್ಟ ಡೈನೋಸಾರ್‌ಗೆ ಮಣಿಕಟ್ಟಿಂದ ಒಂದು ಉದ್ದ ಕಡ್ಡಿ ಹೊರಟು ಬಾವಲಿ ಥರದ ಚರ್ಮದ ರೆಕ್ಕೆ ಹಿಡಿದಿತ್ತು, ಆ ಕೈ ನೋಡಿ ಡ್ರಾಯಿಂಗ್ ಮಾಡಿ, ನಿಮ್ಮ ಗ್ರೂಪಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರುತ್ತೆ.

ಆದ್ರೆ ನಾಲ್ಕು ಕಾಲೂ ಬೇಕು ರೆಕ್ಕೆನೂ ಬೇಕು ಅನ್ನೋರಿಗೂ ದಾರಿ ಇದೆ, ಮೇಲೆ ಹೇಳಿದ ಹಾರುವ ಓತಿನೇ ಆ ದಾರಿ. ಅದರ ರೆಕ್ಕೆ ಕೈ ಅಲ್ಲ, ಪಕ್ಕೆಲುಬು. ಉದ್ದ ಬೆಳೆದ ಪಕ್ಕೆಲುಬು ಪಕ್ಕಕ್ಕೆ ಚಾಚಿ ಚರ್ಮ ಬಿಗಿಯುತ್ತೆ, ನಾಲ್ಕೂ ಕಾಲು ಹಾಗೇ ಇರುತ್ತೆ. ಇನ್ನೂ ಚೆಂದದ ವಿಷಯ ಒಂದಿದೆ, ದಕ್ಷಿಣ ಭಾರತದಲ್ಲಿ ನಮ್ಮ ಪಶ್ಚಿಮ ಘಟ್ಟದ ಓತಿನೇ ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದು ಜಿಗಿದ ತಕ್ಷಣ ಮುಂಗೈಯನ್ನ ಹಿಂದಕ್ಕೆ ತಂದು ರೆಕ್ಕೆಯ ಮುಂದಿನ ಅಂಚನ್ನ ಹಿಡ್ಕೊಂಡು ಹಾರುತ್ತೆ ಅಂತ ಗೊತ್ತಾಗಿದೆ, ಇಳಿಯೋವಾಗ ಬಿಟ್ಟು ಮರ ಹಿಡಿಯುತ್ತೆ. ತನ್ನ ರೆಕ್ಕೆನ ತಾನೇ ಕೈಲಿ ಹಿಡಿದು ಹಾರೋ ಡ್ರ್ಯಾಗನ್, ಇದನ್ನ ಯಾರಾದ್ರೂ ಬರೀಲಿ ಅಂತ ನನಗೆ ತುಂಬಾ ಆಸೆ. ಒಂದೇ ಷರತ್ತು, ಪಕ್ಕೆಲುಬಿನ ರೆಕ್ಕೆ ಬಡಿಯೋಕೆ ಆಗಲ್ಲ, ತೇಲೋಕೆ ಮಾತ್ರ. ಬಡಿಯೋ ರೆಕ್ಕೆನೂ ಬೇಕು ನಾಲ್ಕು ಕಾಲೂ ಬೇಕು ಅಂದ್ರೆ ನಿಮ್ಮ ಲೋಕದ ದನ, ಜಿಂಕೆ, ಕಪ್ಪೆಗಳಲ್ಲೂ ಆರು ಅವಯವದವು ಇರಬೇಕು, ಡ್ರ್ಯಾಗನ್ ಒಂದೇ ಆಕಾಶದಿಂದ ಉದುರಿದ ಹಾಗಿರಬಾರದು.

ಪ್ರಶ್ನೆ: ಬೆಂಕಿ ಉಗುಳೋದಕ್ಕೆ ಒಂದು ನಂಬೋ ಹಾಗಿರೋ ಕಾರಣ ಕೊಡಿ ಮೇಡಂ ಪ್ಲೀಸ್.
– ದಾವಣಗೆರೆ

ಉತ್ತರ: ಬಾಂಬಾರ್ಡಿಯರ್ ಜೀರುಂಡೆ ಅಂತ ಇದೆ. ಹೊಟ್ಟೆ ತುದೀಲಿ ಎರಡು ಕೋಣೆ. ಒಳಗಿನ ಚೀಲದಲ್ಲಿ ಹೈಡ್ರೋಕ್ವಿನೋನ್ ಮತ್ತೆ ಹೈಡ್ರೋಜನ್ ಪೆರಾಕ್ಸೈಡ್ ಒಟ್ಟಿಗೇ ಇರುತ್ತೆ, ಸುಮ್ಮನಿರುತ್ತೆ. ಮಧ್ಯ ಒಂದು ಕವಾಟ. ಹೊರಗಿನ ಕೋಣೆಯ ಗೋಡೆ ಗಟ್ಟಿ, ಅಲ್ಲಿ ಕಿಣ್ವ ಇರುತ್ತೆ. ಹೆದರಿಕೆ ಆದಾಗ ಕವಾಟ ತೆಗೆದು ದ್ರವನ ಈಚೆ ಬಿಟ್ಟ ಕೂಡ್ಲೇ ರಾಸಾಯನಿಕ ಕ್ರಿಯೆ ಭರ್ ಅಂತ ಆಗಿ ಹೆಚ್ಚುಕಮ್ಮಿ 100 ಡಿಗ್ರಿ ಬಿಸಿ ದ್ರವ ಸಿಡಿಯುತ್ತೆ, ಅದೂ ಒಂದೇ ಧಾರೆ ಅಲ್ಲ, ಸೆಕೆಂಡಿಗೆ ನೂರಾರು ಸಲ ಚಿಟಿಚಿಟಿ ಅಂತ ತುಂಡು ತುಂಡಾಗಿ, ಅದರಿಂದಾನೇ ತನ್ನ ಮೈ ಬೇಯದೆ ಉಳಿಯುತ್ತೆ. ನುಂಗಿದ ನೆಲಗಪ್ಪೆ ಆಮೇಲೆ ವಾಂತಿ ಮಾಡಿ ಜೀರುಂಡೆ ಜೀವಂತ ಹೊರಬಂದಿದ್ದನ್ನ 2018ರಲ್ಲಿ ಜಪಾನಿನ ಸಂಶೋಧಕರು ತೋರಿಸಿದಾರೆ.

ಹೊಟ್ಟೇಲಿ ಮೀಥೇನ್ ಉರಿಸೋದಕ್ಕಿಂತ ನನಗೆ ಇದು ಇಷ್ಟ. ಗ್ಯಾಸ್ ಆದ್ರೆ ಒತ್ತಿ ಹಿಡಿಯೋ ಸಿಲಿಂಡರ್ ಬೇಕು, ಕಿಡಿ ಬೇಕು, ಉರಿ ಒಳಕ್ಕೆ ವಾಪಸ್ ಬರದ ಹಾಗೆ ತಡೆ ಬೇಕು. ಎರಡು ದ್ರವ ಹೊರಗೆ ಬಂದು ಸೇರಿದ ಮೇಲೆ ಹೊತ್ಕೊಳ್ಳುತ್ತೆ ಅಂದ್ರೆ ಈ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇರಲ್ಲ, ಎರಡು ಗ್ರಂಥಿ ಎರಡು ಕೋರೆಹಲ್ಲಿನ ಹತ್ರ ಇಡಿ, ಎರಡು ಧಾರೆ ಬಾಯಿಂದ ಒಂದು ಮಾರು ದೂರದಲ್ಲಿ ಸೇರಲಿ. ದ್ರವ ತಯಾರಾಗೋಕೆ ಆಹಾರ ಬೇಕು, ಟೈಂ ಬೇಕು, ಹಾಗಾಗಿ ಮೂರು ಸಲ ಉಗುಳಿದ ಮೇಲೆ ವಾರಗಟ್ಟಲೆ ಖಾಲಿ. ಒಂದು ಕಡೆ ಗ್ರಂಥಿ ಗಾಯ ಆದ್ರೆ ಬೆಂಕಿನೇ ಇಲ್ಲ, ವಾಸನೆ ಮಾತ್ರ.

ಆದ್ರೆ ನಿಜವಾದ ಪ್ರಶ್ನೆ ಹೇಗೆ ಅನ್ನೋದಲ್ಲ, ಯಾಕೆ ಅನ್ನೋದು. ಸುಟ್ಟು ಕರಕಲಾದ ಮಾಂಸ ಅದಕ್ಕೆ ಯಾಕೆ ಬೇಕು? ಉತ್ತರ ಆಸ್ಟ್ರೇಲಿಯಾದಲ್ಲಿದೆ. ನಮ್ಮ ಬೆಂಗಳೂರಿನ ಆಕಾಶದಲ್ಲಿ ದಿನಾ ಸುತ್ತೋ ಹದ್ದೇ ಅಲ್ಲೂ ಇದೆ, ಅದು ಉರಿಯೋ ಕಡ್ಡಿನ ಕಾಲಲ್ಲೋ ಕೊಕ್ಕಲ್ಲೋ ಎತ್ಕೊಂಡು ಹೋಗಿ ಬೇರೆ ಹುಲ್ಲಿಗೆ ಹಾಕುತ್ತೆ, ಓಡಿ ಬರೋ ಹಲ್ಲಿ, ಇಲಿ, ಮಿಡತೆ ಹಿಡಿಯುತ್ತೆ ಅಂತ ಅಲ್ಲಿನ ಮೂಲನಿವಾಸಿಗಳು ತಲೆಮಾರುಗಳಿಂದ ಹೇಳ್ತಾ ಬಂದಿದಾರೆ, 2017ರಲ್ಲಿ ವಿಜ್ಞಾನಿಗಳು ಆ ಹೇಳಿಕೆಗಳನ್ನೆಲ್ಲ ಸೇರಿಸಿ ಪ್ರಕಟಿಸಿದ್ರು. ಅಂದ್ರೆ ಬೆಂಕಿ ಆಯುಧ ಅಲ್ಲ, ಬೇಟೆ ಎಬ್ಬಿಸೋ ಡೋಲು. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸುಟ್ಟ ಬಯಲಲ್ಲಿ ಮಳೆ ಬಿದ್ದ ಮೇಲೆ ಹೊಸ ಚಿಗುರು ಬರುತ್ತೆ, ಚಿಗುರಿಗೆ ಜಿಂಕೆ ಬರುತ್ತೆ. ನಿಮ್ಮ ಡ್ರ್ಯಾಗನ್ ಬೇಸಿಗೇಲಿ ಸುಟ್ಟು ಮಳೆಗಾಲದಲ್ಲಿ ತಿನ್ನೋ ಪ್ರಾಣಿ ಆಗಬಹುದು, ತನ್ನ ಹುಲ್ಲುಗಾವಲನ್ನ ತಾನೇ ಸಾಕೋ ಪ್ರಾಣಿ. ಅಲ್ಲಿನ ದನ ಕಾಯೋರು ಡ್ರ್ಯಾಗನ್‌ನ ದ್ವೇಷ ಮಾಡ್ತಾರಾ, ಕಾಯ್ತಾರಾ? ಎರಡೂ ಮಾಡ್ತಾರೆ, ಅಲ್ಲೇ ನಿಮ್ಮ ಕಥೆ ಇರೋದು.

ಪ್ರಶ್ನೆ: ಒಂದು ರಾಜ್ಯದಲ್ಲಿ ಎಷ್ಟು ಡ್ರ್ಯಾಗನ್ ಇರಬಹುದು? ನಾನು ಐದು ಸಾವಿರ ಅಂತ ಬರ್ದಿದೀನಿ.
– ಮೈಸೂರಿನಿಂದ ಗೃಹಿಣಿ

ಉತ್ತರ: ಐದು ಸಾವಿರ ತುಂಬಾ ಜಾಸ್ತಿ ಆಯ್ತು. ನಿಮ್ಮ ಪಕ್ಕದ ನಾಗರಹೊಳೆಯಲ್ಲಿ ದಶಕಗಟ್ಟಲೆ ಹುಲಿ ಅಧ್ಯಯನ ಮಾಡಿದ ಉಲ್ಲಾಸ ಕಾರಂತರ ಲೆಕ್ಕ ಇದಕ್ಕೆ ನೇರವಾಗಿ ಉಪಯೋಗಕ್ಕೆ ಬರುತ್ತೆ: ಒಂದು ಹುಲಿ ವರ್ಷಕ್ಕೆ ಸುಮಾರು 50 ಜಿಂಕೆ ಗಾತ್ರದ ಪ್ರಾಣಿ ಕೊಲ್ಲುತ್ತೆ, ಅಷ್ಟು ಕೊಂದರೂ ಹಿಂಡು ಕರಗಬಾರದು ಅಂದ್ರೆ ಕಾಡಲ್ಲಿ ಸುಮಾರು 500 ಪ್ರಾಣಿ ಇರಬೇಕು. ಇಡೀ ಕರ್ನಾಟಕದಲ್ಲಿ 2022ರ ಗಣತಿ ಪ್ರಕಾರ ಹುಲಿ 563.

ಈಗ ಒಂದು ಟನ್ ತೂಕದ ಬಿಸಿರಕ್ತದ ಡ್ರ್ಯಾಗನ್ ತಗೊಳ್ಳಿ. ಅದು ಹುಲಿಗಿಂತ ಐದು ಪಟ್ಟು ದೊಡ್ಡದು, ಆದ್ರೆ ಪ್ರಾಣಿ ದೊಡ್ಡದಾದ ಹಾಗೆ ಕೆಜಿ ಲೆಕ್ಕದಲ್ಲಿ ಖರ್ಚು ಸ್ವಲ್ಪ ಇಳಿಯೋದ್ರಿಂದ ಊಟ ಐದು ಪಟ್ಟಲ್ಲ, ಮೂರು ಚಿಲ್ಲರೆ ಪಟ್ಟು ಬೇಕಾಗುತ್ತೆ. ಅಂದ್ರೆ ವರ್ಷಕ್ಕೆ 165 ಜಿಂಕೆ, ಹೆಚ್ಚುಕಮ್ಮಿ ಎರಡು ದಿನಕ್ಕೊಂದು, ಹಾರೋ ಖರ್ಚು ಇನ್ನೂ ಸೇರಿಸಿಲ್ಲ. ಹಿನ್ನೆಲೇಲಿ 1,650 ಜಿಂಕೆ ಬೇಕು. ಐದು ಸಾವಿರ ಡ್ರ್ಯಾಗನ್‌ಗೆ 82 ಲಕ್ಷ ಜಿಂಕೆ! ಹಾಗಾಗಿ ಒಂದೋ ಸಂಖ್ಯೆ ನೂರಕ್ಕೆ ಇಳಿಸಿ, ಇಲ್ಲಾ ತಣ್ಣನೆ ರಕ್ತ ಕೊಡಿ. ಸರೀಸೃಪಕ್ಕೆ ಅದೇ ತೂಕದ ಸಸ್ತನಿಯ ಹತ್ತನೇ ಒಂದು ಭಾಗದಷ್ಟು ಊಟ ಸಾಕು, ಕೊಮೊಡೊ ಡ್ರ್ಯಾಗನ್ ಒಂದೇ ಊಟದಲ್ಲಿ ತನ್ನ ತೂಕದ ಶೇಕಡ 80ರಷ್ಟು ತಿನ್ನಬಲ್ಲದು, ಆಮೇಲೆ ವಾರಗಟ್ಟಲೆ ಬಿಸಿಲಲ್ಲಿ ಬಿದ್ದಿರುತ್ತೆ. ತಣ್ಣನೆ ರಕ್ತದ ಡ್ರ್ಯಾಗನ್ ಬೆಳಗಿನ ಜಾವ ಏಳಕ್ಕಾಗದೆ ಇರುತ್ತೆ, ಮೋಡ ಮುಸುಕಿದ ಆಷಾಢದಲ್ಲಿ ಜನ ಧೈರ್ಯವಾಗಿ ಓಡಾಡ್ತಾರೆ, ದಂಡಯಾತ್ರೆ ಎಲ್ಲಾ ಮಳೆಗಾಲಕ್ಕೇ ಇಟ್ಕೋತಾರೆ. ನಿಮ್ಮ ಪತ್ರದಲ್ಲಿ ಯುದ್ಧ ಇದೆ ಅಂದಿದೀರಿ, ಇದನ್ನ ಅಲ್ಲಿ ಹಾಕಿ ನೋಡಿ.

ಪ್ರಶ್ನೆ: ಅಕ್ಕಾ, ನಾನು 8ನೇ ಕ್ಲಾಸ್. ಹಳೇಬೀಡಲ್ಲಿ ಮಕರ ನೋಡಿದೆ. ಅದನ್ನ ಡ್ರ್ಯಾಗನ್ ಅಂತ ಬರೀಬಹುದಾ? ಗಂಡಭೇರುಂಡ ಕೂಡ?
– ಹಾಸನ ಜಿಲ್ಲೆಯಿಂದ

ಉತ್ತರ: ಬರಿ ಪುಟ್ಟ, ಆದ್ರೆ ಡ್ರ್ಯಾಗನ್ ಅಂತ ಕರೀಬೇಡ, ಮಕರ ಅಂತಾನೇ ಕರಿ, ಅದಕ್ಕೇ ಅದರದ್ದೇ ಗತ್ತಿದೆ. ಮತ್ತೆ ಹೋದಾಗ ಕೆಳಗಿನಿಂದ ಪಟ್ಟಿಗಳನ್ನ ನೋಡ್ತಾ ಬಾ, ಆನೆ ಸಾಲು, ಸಿಂಹದ ಸಾಲು, ಕುದುರೆ, ಮೇಲೆ ಬಂದಾಗ ಮಕರ, ಹಂಸ. ಮಕರದ ಮೂತಿ ಆನೆ ಸೊಂಡಿಲ ಥರ, ಬಾಯಿ ಮೊಸಳೆದು, ಬಾಲ ನವಿಲಿನ ಗರಿ ಥರ ಸುರುಳಿ. ಪ್ರತಿ ಭಾಗಕ್ಕೂ "ನೀನು ಏನ್ ಕೆಲಸ ಮಾಡ್ತೀಯ" ಅಂತ ಕೇಳು. ಸೊಂಡಿಲು ನೀರಿಂದ ಮೇಲೆ ಉಸಿರಾಡೋಕಾ? ಕಲ್ಲೆತ್ತಿ ಏಡಿ ಹುಡುಕೋಕಾ? ಅಂಥ ಬಾಲ ಇಟ್ಕೊಂಡು ಈಜೋದು ಕಷ್ಟ, ಹಂಗಾದ್ರೆ ಗಂಡಿಗೆ ಮಾತ್ರ ಇರುತ್ತೇನೋ, ನವಿಲಿನ ಹಾಗೆ.

ಗಂಡಭೇರುಂಡದ್ದು ಇನ್ನೂ ಕಷ್ಟದ ಪ್ರಶ್ನೆ. ಎರಡು ತಲೆ ಹಾವು ನಿಜವಾಗ್ಲೂ ಆಗಾಗ ಹುಟ್ಟುತ್ತೆ, ಆದ್ರೆ ಎರಡೂ ತಲೆ ಊಟಕ್ಕೆ ಜಗಳ ಆಡ್ತವೆ, ಒಂದು ಈ ಕಡೆ ಎಳೆಯುತ್ತೆ ಇನ್ನೊಂದು ಆ ಕಡೆ, ಕಾಡಲ್ಲಿ ಬದುಕೋದು ಅಪರೂಪ. ನಿನ್ನ ಗಂಡಭೇರುಂಡದ ಎರಡು ತಲೆ ಜಗಳ ಆಡದೆ ಇರೋಕೆ ಏನು ಕಾರಣ ಅಂತ ಕಂಡುಹಿಡಿ. ಒಂದು ಮಲಗಿದಾಗ ಇನ್ನೊಂದು ಕಾಯುತ್ತಾ? ಬಳ್ಳಿಗಾವೆಯಲ್ಲಿ 11ನೇ ಶತಮಾನದ ಗಂಡಭೇರುಂಡದ ಕಂಬ ಇದೆ, ಅಲ್ಲಿ ಅದಕ್ಕೆ ಮನುಷ್ಯನ ಮೈ, ಸಾಧ್ಯ ಆದ್ರೆ ಅಪ್ಪ ಅಮ್ಮನ ಜೊತೆ ಹೋಗಿ ನೋಡು.

ಇನ್ನೊಂದು ವಿಷಯ ನಿನಗೆ ಇಷ್ಟ ಆಗುತ್ತೆ. ಆಸ್ಟ್ರಿಯಾ ದೇಶದ ಕ್ಲಾಗನ್‌ಫರ್ಟ್ ಊರಲ್ಲಿ 1590ರ ಹೊತ್ತಿಗೆ ಕೆತ್ತಿದ ದೊಡ್ಡ ಡ್ರ್ಯಾಗನ್ ಮೂರ್ತಿ ಇದೆ. ಅದರ ತಲೆಗೆ ಮಾದರಿ 1335ರಲ್ಲಿ ಸಿಕ್ಕಿದ ಒಂದು ದೊಡ್ಡ ಬುರುಡೆ ಅಂತ ಹೇಳ್ತಾರೆ, ಆ ಊರೋರು ಅದನ್ನ ಡ್ರ್ಯಾಗನ್ ಬುರುಡೆ ಅಂತಾನೇ ನಂಬಿದ್ರು. ಅದು ಹಿಮಯುಗದಲ್ಲಿ ಬದುಕಿದ್ದ ಉಣ್ಣೆ ಮೈಯ ಘೇಂಡಾಮೃಗದ ಬುರುಡೆ.

ಪ್ರಶ್ನೆ: ನನ್ನ ಕಥೇಲಿ ತಾಯಿ ಡ್ರ್ಯಾಗನ್ ಮೊಟ್ಟೆಗೋಸ್ಕರ ಪ್ರಾಣ ಕೊಡುತ್ತೆ. ಸರೀಸೃಪಗಳಿಗೆ ತಾಯ್ತನ ಇರಲ್ಲ ಅಂತ ಒಬ್ರು ಕಾಮೆಂಟ್ ಮಾಡಿದ್ರು, ಹೌದಾ?
– ನ್ಯೂಜೆರ್ಸಿಯಲ್ಲಿರೋ ಕನ್ನಡತಿ

ಉತ್ತರ: ಖಂಡಿತ ಸುಳ್ಳು. ಆಗುಂಬೆ ಕಾಡಿನ ಕಾಳಿಂಗ ಸರ್ಪ, 2024ರಲ್ಲಿ ಪಶ್ಚಿಮ ಘಟ್ಟದ್ದನ್ನ ಬೇರೆ ಜಾತಿ ಅಂತ ಗುರುತಿಸಿ ಓಫಿಯೋಫ್ಯಾಗಸ್ ಕಾಳಿಂಗ ಅಂತ ಹೆಸರಿಟ್ಟಿದಾರೆ, ಅದರ ಹೆಣ್ಣು ತನ್ನ ಮೈಯ ಸುರುಳಿಯಿಂದಲೇ ಒಣಗಿದ ಎಲೆ ಎಳೆದು ಗುಡ್ಡೆ ಮಾಡಿ ಗೂಡು ಕಟ್ಟುತ್ತೆ, ಆ ಮಳೆಯಲ್ಲೂ ಒಳಗೆ ಬೆಚ್ಚಗಿರುತ್ತೆ, ವಾರಗಟ್ಟಲೆ ಕಾವಲು ಇರುತ್ತೆ. ಮೊಸಳೆ ತಾಯಿ ಮರಿಗಳ ಕೂಗು ಕೇಳಿ ಗೂಡು ತೋಡಿ, ಅದೇ ಭಯಂಕರ ಬಾಯಲ್ಲಿ ಮರಿಗಳನ್ನ ಎತ್ಕೊಂಡು ನೀರಿಗೆ ಬಿಡುತ್ತೆ. ಮೊಸಳೆಯಲ್ಲಿ ಮರಿ ಗಂಡೋ ಹೆಣ್ಣೋ ಅನ್ನೋದನ್ನ ಗೂಡಿನ ಬಿಸಿನೇ ತೀರ್ಮಾನ ಮಾಡೋದು, ನಮ್ಮ ರಂಗನತಿಟ್ಟಿನ ಮೊಸಳೆಗೆ 32 ಡಿಗ್ರಿ ದಾಟಿದ ಆಸುಪಾಸಿನಲ್ಲಿ ಗಂಡು ಜಾಸ್ತಿ, ಅದಕ್ಕಿಂತ ತಂಪಾದ್ರೆ ಹೆಣ್ಣು. ನಿಮ್ಮ ಲೋಕದಲ್ಲಿ ಜ್ವಾಲಾಮುಖಿ ಆರಿ ಹೋದ್ರೆ ಮುಂದಿನ ತಲೆಮಾರಲ್ಲಿ ಗಂಡೇ ಇರಲ್ಲ. ಗಂಡಿಲ್ಲದಿದ್ರೂ ದಾರಿ ಇದೆ, 2006ರಲ್ಲಿ ಇಂಗ್ಲೆಂಡಿನ ಝೂಗಳಲ್ಲಿ ಕೊಮೊಡೊ ಡ್ರ್ಯಾಗನ್ ಹೆಣ್ಣುಗಳು ಗಂಡಿನ ಸಹಾಯ ಇಲ್ಲದೆ ಮೊಟ್ಟೆ ಇಟ್ಟು ಮರಿ ಮಾಡಿದ್ದು ವರದಿ ಆಯ್ತು, ಹುಟ್ಟೋದು ಗಂಡುಮರಿಗಳೇ.

ಒಂದು ಮಾತು ಮಾತ್ರ ತಿದ್ದಿ. ಮೊಟ್ಟೆ ಆಳೆತ್ತರ ಇದೆ ಅಂತ ಬರೆದಿದೀರಿ. ಚಿಪ್ಪು ದಪ್ಪ ಆದ್ರೆ ಗಾಳಿ ಒಳಗೆ ಹೋಗಲ್ಲ, ಮರಿ ಒಡೆಯೋಕೂ ಆಗಲ್ಲ, ತೆಳು ಇದ್ರೆ ತನ್ನ ಭಾರಕ್ಕೇ ಒಡೆಯುತ್ತೆ. ಮಡಗಾಸ್ಕರ್‌ನ ಅಳಿದುಹೋದ ಆನೆಹಕ್ಕಿ ಮೊಟ್ಟೆ 30 ಸೆಂಟಿಮೀಟರ್‌ಗಿಂತ ಸ್ವಲ್ಪ ಉದ್ದ, ಅದೇ ನಮಗೆ ಗೊತ್ತಿರೋ ಭಾರೀ ಮೊಟ್ಟೆಗಳಲ್ಲಿ ಒಂದು. ಹಾಗಾಗಿ ಎಷ್ಟೇ ದೊಡ್ಡ ತಾಯಿಗೂ ಮರಿ ಬೆಕ್ಕಿನ ಗಾತ್ರದಲ್ಲೇ ಹುಟ್ಟುತ್ತೆ. ಇದು ನಷ್ಟ ಅಲ್ಲ, ಲಾಭ! ಕೊಮೊಡೊ ಮರಿ ದೊಡ್ಡವು ತಿಂದುಬಿಡ್ತಾವೆ ಅಂತ ಮೊದಲ ವರ್ಷಗಳನ್ನ ಮರದ ಮೇಲೇ ಕಳೆಯುತ್ತೆ, ಹುಳ ಹಲ್ಲಿ ತಿನ್ನುತ್ತೆ, ಮೈ ಮೇಲೆ ಪಟ್ಟೆ ಇರುತ್ತೆ, ದೊಡ್ಡದು ನೆಲದ ಮೇಲೆ ಕಾಡುಹಂದಿ ಹಿಡಿಯುತ್ತೆ. ನಿಮ್ಮ ಲೋಕದ ಜನ ಮರದ ಮೇಲಿನ ಪಟ್ಟೆ ಡ್ರ್ಯಾಗನ್ ಬೇರೆ ಜಾತಿ ಅಂತ ತಿಳ್ಕೊಂಡು ಪೀಡೆ ಅಂತ ಹೊಡೆದು ಹಾಕ್ತಾ ಇರ್ತಾರೆ, ಆ ಕಡೆ ಪೂಜೆ ಮಾಡೋ ಮಹಾ ಡ್ರ್ಯಾಗನ್ ಮಾತ್ರ ಯಾಕೋ ವರ್ಷ ವರ್ಷ ಕಮ್ಮಿ ಆಗ್ತಿರುತ್ತೆ.

ಪ್ರಶ್ನೆ: ಡ್ರ್ಯಾಗನ್ ಚಿನ್ನ ಕೂಡಿಡೋದಕ್ಕೆ ಏನಾದ್ರೂ ಕಾರಣ ಇರಬಹುದಾ?
– ರಾಯಚೂರು

ಉತ್ತರ: ಮೊಸಳೆಗಳು ಕಲ್ಲು ನುಂಗ್ತವೆ. ಹೊಟ್ಟೇಲಿ ಕಲ್ಲಿದ್ದ ಅಲಿಗೇಟರ್ ನೀರೊಳಗೆ ಹೆಚ್ಚು ಹೊತ್ತು ಇರುತ್ತೆ ಅಂತ ಪ್ರಯೋಗ ಮಾಡಿ ತೋರಿಸಿದಾರೆ. ಮಾಮೂಲಿ ಕಲ್ಲು ನೀರಿಗಿಂತ ಎರಡೂವರೆ ಪಟ್ಟು ಭಾರ, ಚಿನ್ನ 19 ಪಟ್ಟು. ಹೊಳೆ ಮರಳಲ್ಲಿ ಚಿನ್ನದ ಗಟ್ಟಿ ಸಿಗೋ ದೇಶದಲ್ಲಿ ಮುಳುಗಿ ಬೇಟೆ ಆಡೋ ಡ್ರ್ಯಾಗನ್ ಅದನ್ನೇ ಆರಿಸಿ ನುಂಗೋದು ಸಹಜ, ಸ್ವಲ್ಪ ಜಾಗ, ತುಂಬಾ ಭಾರ. ಅದು ಕೂಡಿಡ್ತಾ ಇಲ್ಲ, ಹೊತ್ಕೊಂಡು ತಿರುಗ್ತಾ ಇದೆ. ಸತ್ತಾಗ ಪಕ್ಕೆಲುಬಿನ ಮಧ್ಯ ನಯವಾಗಿ ಸವೆದ ಚಿನ್ನದ ಗುಡ್ಡೆ. ಹಾರೋ ಜಾತಿಗೆ ಮಾತ್ರ ಇದನ್ನ ಕೊಡಬೇಡಿ, ಅದು ಒಂದು ಗ್ರಾಂ ಕೂಡ ಸುಮ್ಮನೆ ಹೊರಲ್ಲ.

ಪ್ರಶ್ನೆ: ಇಷ್ಟೆಲ್ಲ ಯೋಚನೆ ಮಾಡಿದ್ದನ್ನ ಕಾದಂಬರೀಲಿ ಎಷ್ಟು ಹೇಳಬೇಕು? ನನ್ನ ಹತ್ರ ನೋಟ್‌ಬುಕ್ ತುಂಬಾ ಇದೆ.
– ಕುಂದಾಪುರ

ಉತ್ತರ: ವಿವರಣೆ ಒಂದು ಸಾಲೂ ಬೇಡ, ಗುರುತುಗಳನ್ನ ಮಾತ್ರ ಬಿಡಿ. ಕೊಮೊಡೊ ಡ್ರ್ಯಾಗನ್ ಮೂಳೆ ಸಮೇತ ತಿನ್ನೋದ್ರಿಂದ ಅದರ ಸಗಣಿ ಬೆಳ್ಳಗೆ ಸುಣ್ಣದ ಹಾಗೆ ಒಣಗುತ್ತೆ, ಜೀರ್ಣ ಆಗದ ಕೊಂಬು, ಕೂದಲು, ಗೊರಸನ್ನ ಲೋಳೆ ಸುತ್ತಿದ ಉಂಡೆ ಮಾಡಿ ಕಕ್ಕುತ್ತೆ. ನಿಮ್ಮ ದನ ಕಾಯೋ ಮುದುಕಿ ದಾರೀಲಿ ಅಂಥದೊಂದು ಉಂಡೆನ ಕೋಲಲ್ಲಿ ಬಿಡಿಸಿ ನೋಡಲಿ, ಒಳಗೆ ಗೊರಸಿದ್ರೆ "ಇದು ನಿನ್ನೇದು, ಇನ್ನು ಹದಿನೈದು ದಿನ ಏಳಲ್ಲ, ದನ ಬಿಡ್ರೋ" ಅನ್ನಲಿ. ನೋಟ್‌ಬುಕ್‌ನಲ್ಲಿರೋ ಎರಡು ಪುಟ ಆ ಒಂದು ಮಾತಲ್ಲಿ ಬಂತು. ಮಿಕ್ಕ ಪುಟಗಳಿಗೂ ಹೀಗೇ ಒಬ್ಬೊಬ್ಬ ಮನುಷ್ಯರನ್ನ ಹುಡುಕಿ, ಮೀನುಗಾರ, ಸೂಲಗಿತ್ತಿ, ಚರ್ಮ ಹದ ಮಾಡೋನು, ಅವರವರ ಕೆಲಸಕ್ಕೆ ಬೇಕಾದಷ್ಟೇ ಅವರಿಗೆ ಗೊತ್ತಿರಲಿ.